ವಿಭೂತಿ ಹಚ್ಚಿದ ಸ್ಪಿಂಡಲ್

ಡಲ್ಲಾಸ್ ಕಡೆಯ ಕನ್ನಡಿಗರ ನಡುವೆ ನನ್ನ ಹೆಸರಿಗೆ ಒಂದು ಕಥೆ ಅಂಟಿಕೊಂಡಿದೆ. ಪ್ರಸನ್ನ ಎಂಬ ಎಂಜಿನಿಯರೂ ಆತನ ಹೆಂಡತಿ ಶೈಲಜಾಳೂ ತಾವೇ ಕಟ್ಟಿಕೊಂಡ ಕಾರಿನಲ್ಲಿ ದೂರ ಹೊರಟಿದ್ದರಂತೆ; ಮುಂದಿನ ಚಕ್ರ ಕಳಚಿ ಬೀಳುವುದರಲ್ಲಿತ್ತಂತೆ; ಈರಣ್ಣ ಅಂಕಲ್ ಬೆನ್ನಟ್ಟಿ ಹೋಗಿ ವಿಭೂತಿ ಹಚ್ಚಿದ ಕೂಡಲೇ ದೇವರು ಬಿರುಕನ್ನು ತೋರಿಸಿಕೊಟ್ಟನಂತೆ. ಹಬ್ಬದ ಊಟದ ಸಾಲಿನಲ್ಲಿ ಈ ಕಥೆಯನ್ನು ನನಗೇ ಹೇಳಿದವರಿದ್ದಾರೆ. ಪ್ರತಿ ಸಲವೂ ನಾನು ತಿದ್ದಿದ್ದೇನೆ. ನನ್ನ ತಿದ್ದುಪಡಿಯನ್ನು ವಿನಯವೆಂದು ತಿಳಿದು ಅವರು ಎಲೆಗೆ ಇನ್ನೊಂದು ಹೋಳಿಗೆ ಹಾಕಿದ್ದಾರೆ.

ಆ ಬಿರುಕು ಬಿಟ್ಟ ಭಾಗವನ್ನು ಆ ಕಾರಿಗೆ ಕೂಡಿಸಿದವನು ನಾನೇ. ಕಥೆಯಲ್ಲಿ ಈ ಸಾಲು ಎಲ್ಲಿ ಬಿದ್ದುಹೋಯಿತೋ ನನಗೆ ತಿಳಿಯದು. ಈಗ ಗ್ಯಾರೇಜಿನ ಬಾಗಿಲು ಎಳೆದು ಮನೆಯಲ್ಲಿ ಕುಳಿತಿರುವುದರಿಂದ, ಈ ಕೆಲಸಕ್ಕೆ ಇಳಿಯುವ ಕಿರಿಯರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ನಾನು ಓದಿದ್ದು ಏಳನೆಯ ಇಯತ್ತೆ. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಕೈ ಕಪ್ಪು ಮಾಡಿಕೊಂಡು ಕಲಿತವನು. ಹೆಂಡತಿ ಗಂಗಾಳ ಅಣ್ಣ ಹ್ಯೂಸ್ಟನ್ನಿನಲ್ಲಿದ್ದುದರಿಂದ ಈ ದೇಶಕ್ಕೆ ಬಂದೆವು. ಇಂಗ್ಲಿಷನ್ನು ಗ್ರಂಥಾಲಯದ ರಿಪೇರಿ ಪುಸ್ತಕಗಳಿಂದ ಕಲಿತೆ. ಆದ್ದರಿಂದ ನನ್ನ ಇಂಗ್ಲಿಷಿನಲ್ಲಿ ಬಹುಕಾಲ ನಟ್ಟು ಬೋಲ್ಟುಗಳಿದ್ದವು, ಕುಶಲ ಪ್ರಶ್ನೆಗಳಿರಲಿಲ್ಲ. ಪುಸ್ತಕವನ್ನು ಓದಿ ಕಲಿತವನಿಗೆ ಒಂದು ಲಾಭವಿದೆ: ಪುಸ್ತಕ ಎಷ್ಟು ಸಲ ತಪ್ಪು ಹೇಳುತ್ತದೆ ಎಂಬುದೂ ಅವನಿಗೆ ಗೊತ್ತಾಗುತ್ತದೆ.

ಹ್ಯೂಸ್ಟನ್ನಿನ ಗ್ಯಾರೇಜಿನಲ್ಲಿ ನನ್ನ ಮೇಲಿನವನು ಅರ್ಲ್ ಎಂಬ ದಪ್ಪ ಮೀಸೆಯ ಮನುಷ್ಯ. ಈರಣ್ಣ ಎನ್ನಲು ಬಾರದೆ ನನ್ನನ್ನು ಎರ್ನಿ ಎನ್ನುತ್ತಿದ್ದ. ಪೆಟ್ಟಿಗೆಯಲ್ಲಿ ಬಂದದ್ದು ಮಾತ್ರ ಬಿಡಿಭಾಗ, ಉಳಿದದ್ದೆಲ್ಲ ಕಸ ಎಂಬುದು ಅವನ ಸಿದ್ಧಾಂತ. ಡಿಪೋದಲ್ಲಿ ಒಂದೇ ಗೇರ್ ಬಾಕ್ಸನ್ನು ಮೂರು ಬಸ್ಸಿಗೆ ಹಾಕಿ ಓಡಿಸಿದ ನನಗೆ ಅದು ಸೊಕ್ಕಿನ ಮಾತಾಗಿ ಕೇಳುತ್ತಿತ್ತು. ಒಮ್ಮೆ ಅವನೊಡನೆ ಹಟ ಹಿಡಿದು, ಗುಜರಿ ಅಂಗಳದಿಂದ ಒಂದು ಹಿಂದಿನ ಆಕ್ಸಲ್ಲನ್ನು ತರಿಸಿ ಗಿರಾಕಿಯೊಬ್ಬರ ಗಾಡಿಗೆ ಹಾಕಿದೆ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಒಂದೂವರೆ ತಿಂಗಳಿಗೆ ಅದು ಗೋಳಾಡತೊಡಗಿತು. ಮುಚ್ಚಳ ಬಿಚ್ಚಿದಾಗ ಒಳಗಿನ ಎಣ್ಣೆ ಮಜ್ಜಿಗೆಯಾಗಿತ್ತು. ಊರಿಗೆ ಊರೇ ಮುಳುಗಿದ ಮಳೆಯಲ್ಲಿ, ಆ ಆಕ್ಸಲ್ ಬಿಚ್ಚಿಕೊಂಡ ಗುಜರಿ ಗಾಡಿ ನೀರಿನಲ್ಲಿ ನಿಂತಿತ್ತೆಂದು ಆಮೇಲೆ ತಿಳಿಯಿತು.

"ಎರ್ನಿ, ನಿನ್ನ ಆಕ್ಸಲ್‌ಗೆ ಈಜು ಬರುತ್ತಿತ್ತು," ಎಂದ ಅರ್ಲ್. "ಓಡುವುದಕ್ಕೆ ಬರುತ್ತಿರಲಿಲ್ಲ, ಅಷ್ಟೇ."

ಎಷ್ಟು ಮೈಲಿ ಓಡಿದೆ ಎಂದು ಕೇಳಿದ್ದೆ. ಎಲ್ಲಿ ನಿಂತಿತ್ತು ಎಂದು ಕೇಳಿರಲಿಲ್ಲ. ಹಳೆಯ ಭಾಗ ಕೊಳ್ಳುವವನು ಮೊದಲು ಕೇಳಬೇಕಾದದ್ದು ಎರಡನೆಯ ಪ್ರಶ್ನೆ.

ಅದೇ ಅರ್ಲ್, ಕೆಲವು ವಾರಗಳ ನಂತರ, ಪೆಟ್ಟಿಗೆ ಒಡೆದು ತೆಗೆದ ಹೊಚ್ಚಹೊಸ ಬ್ರೇಕ್ ಸಿಲಿಂಡರನ್ನು ತನ್ನ ಕೈಯಾರೆ ಜೋಡಿಸಿದ. ಊಟ ಮುಗಿಸಿ ಬರುವಷ್ಟರಲ್ಲಿ ನೆಲದ ಮೇಲೆ ಬ್ರೇಕ್ ಎಣ್ಣೆ ಹರಿದು ನಿಂತಿತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ನಾನು ಮರದ ಹೊಟ್ಟು ತಂದು ಎಣ್ಣೆಯ ಮೇಲೆ ಸುರಿದೆ. ಹೊಸದು ಒಳ್ಳೆಯದು ಎನ್ನುವವರನ್ನೂ, ಹಳೆಯ ಕಾಲದ ಕಬ್ಬಿಣವೇ ಕಬ್ಬಿಣ ಎನ್ನುವವರನ್ನೂ ನಾನು ಅಂದಿನಿಂದ ಒಂದೇ ಬೆಂಚಿನಲ್ಲಿ ಕೂರಿಸಿದ್ದೇನೆ. ಇಬ್ಬರೂ ಭಾಗವನ್ನು ನೋಡದೆ ಮಾತನಾಡುವವರು.

ತೊಂಬತ್ತರ ದಶಕದ ಕೊನೆಗೆ ನಾನು ಹ್ಯೂಸ್ಟನ್ ಬಿಟ್ಟು, ಡಲ್ಲಾಸಿನ ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನಲ್ಲಿ ಎರಡು ಬಾಗಿಲಿನ ಸ್ವಂತ ಗ್ಯಾರೇಜು ತೆರೆದೆ. ವಿಮಾನ ಇಳಿಯುವಾಗ ಸ್ಪ್ಯಾನರುಗಳು ಗೋಡೆಯ ಮೇಲೆ ಕಿಣಿಕಿಣಿ ಎನ್ನುತ್ತಿದ್ದವು. ಆ ವರ್ಷಗಳಲ್ಲಿ ಸಾಫ್ಟ್‌ವೇರ್ ಹುಡುಗರಿಗೆ ಕಿಟ್ ಕಾರಿನ ಹುಚ್ಚು ಹತ್ತಿತ್ತು. ಕಿಟ್ ಕಾರೆಂದರೆ ಕಂಪನಿಯೊಂದು ಚೌಕಟ್ಟನ್ನೂ ಹೊರಮೈಯನ್ನೂ ಒಂದು ಪುಸ್ತಕವನ್ನೂ ಲಾರಿಯಲ್ಲಿ ಕಳುಹಿಸುತ್ತದೆ. ಎಂಜಿನ್, ಆಕ್ಸಲ್, ಸ್ಟೀರಿಂಗ್, ಬ್ರೇಕ್ ಇವೆಲ್ಲ ನಿಮ್ಮ ಪಾಡು. ಅಪಘಾತವಾದ ಒಂದು ಹಳೆಯ ಕಾರನ್ನು ಕೊಂಡು ಅದರಿಂದ ಬಿಚ್ಚಿಕೊಳ್ಳಬಹುದು. ಅದಕ್ಕೆ ಈ ಕೆಲಸದವರು ದಾನಿ ಕಾರು ಎನ್ನುತ್ತಾರೆ. ಇಲ್ಲವೇ ಎಲ್ಲವನ್ನೂ ಹೊಸದಾಗಿ ತರಿಸಬಹುದು. ಪುಸ್ತಕವೇನೋ ಒಂದೇ ಮಾತಿನಲ್ಲಿ, "ಸೂಕ್ತವಾದ ಭಾಗವನ್ನು ಜೋಡಿಸಿ" ಎನ್ನುತ್ತದೆ. ಆ ಒಂದು ಮಾತಿನ ಒಳಗೆ ನನ್ನ ಹತ್ತು ವರ್ಷದ ದುಡಿಮೆ ಇದೆ.

ಎಲ್ಲವನ್ನೂ ಹೊಸದಾಗಿ ತರಿಸಿದವರೊಬ್ಬರು ಆಸ್ಟಿನ್ನಿನಲ್ಲಿದ್ದರು, ಮೈಸೂರಿನ ಕಡೆಯವರು. ನನ್ನನ್ನು ಕರೆಸಿಕೊಂಡಾಗ ಅವರ ಗ್ಯಾರೇಜಿನ ಮೂರು ಗೋಡೆಗೂ ಪೆಟ್ಟಿಗೆಗಳು. ಚಕ್ರವನ್ನು ಬಿಗಿಯುವ ನಡುಭಾಗಕ್ಕೆ ಹಬ್ಬು ಎನ್ನುತ್ತಾರೆ; ಒಂದು ಕಂಪನಿಯ ಹಬ್ಬು ಮತ್ತೊಂದು ಕಂಪನಿಯ ಡಿಸ್ಕಿಗೆ ಕೂಡುತ್ತಿರಲಿಲ್ಲ. ಆ ಡಿಸ್ಕು ಮೂರನೆಯವರ ಬ್ರೇಕಿಗೆ ತಾಗುತ್ತಿತ್ತು. ಒಂದೊಂದೂ ನಿರ್ದೋಷಿ, ಒಟ್ಟಿಗೆ ಮಾತ್ರ ಬಾಳುತ್ತಿರಲಿಲ್ಲ.

"ಈರಣ್ಣ ಅವ್ರೇ, ನಾನು ಕಾರು ಕಟ್ಲಿಲ್ಲ," ಎಂದರು ಅವರು, ಪೆಟ್ಟಿಗೆಯೊಂದರ ಮೇಲೆ ಕೂತು ಕಾಫಿ ಕುಡಿಯುತ್ತ. "ಸ್ಪೇರ್ ಪಾರ್ಟ್ಸ್ ಅಂಗಡಿ ಕಟ್ಟಿದೀನಿ."

ದಾನಿ ಕಾರಿನ ಹಿರಿಮೆ ಅಲ್ಲಿದೆ: ಅದರ ಭಾಗಗಳು ಹತ್ತಾರು ವರ್ಷ ಒಂದೇ ಸಂಸಾರದಲ್ಲಿ ಬಾಳಿದವು. ರಬ್ಬರು, ಬ್ರೇಕಿನ ಹಾಳೆ, ಎಣ್ಣೆ ತಡೆಯುವ ಸೀಲು, ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟು, ಇವನ್ನು ಕಣ್ಣು ಮುಚ್ಚಿ ಹೊಸದಾಗಿ ಕೊಳ್ಳಿ. ಕುಟ್ಟಿ ಮಾಡಿದ, ಎರಕ ಹೊಯ್ದ ಗಟ್ಟಿ ಭಾಗಗಳು ಹಳೆಯವಾದರೂ ನಡೆದೀತು, ಆದರೆ ಪರೀಕ್ಷಿಸಿದ ಮೇಲೆ.

ನನ್ನ ಪರೀಕ್ಷೆ ಡಿಪೋದ ಹಿರಿಯ ಫಿಟ್ಟರೊಬ್ಬರಿಂದ ಬಂದದ್ದು. ಭಾಗವನ್ನು ಉಜ್ಜಿ ತೊಳೆದು, ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿ, ಒಣಗುವಂತೆ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆ ಹೊರಗೆ ಜಿನುಗಿ, ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ. ಯೂಲೆಸ್‌ನಲ್ಲಿ ಸುಣ್ಣದ ಪುಡಿಗೆ ಬದಲಾಗಿ ನಾನು ವಿಭೂತಿ ಬಳಸುತ್ತಿದ್ದೆ. ಅದರಲ್ಲಿ ಭಕ್ತಿಯೇನೂ ಇರಲಿಲ್ಲ. ಗಂಗಾ ಊರಿನಿಂದ ತಂದಿಟ್ಟ ವಿಭೂತಿ ಗಟ್ಟಿಗಳು ಮನೆಯಲ್ಲಿ ರಾಶಿಯಾಗಿದ್ದವು, ಪುಡಿ ನುಣುಪಾಗಿತ್ತು, ಎಣ್ಣೆಯನ್ನು ಚೆನ್ನಾಗಿ ಹೀರುತ್ತಿತ್ತು. ಪರೀಕ್ಷೆಯಲ್ಲಿ ಗೆದ್ದ ಭಾಗಕ್ಕೆ ಅದೇ ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಮೂರು ಗೆರೆ ಎಳೆಯುತ್ತಿದ್ದೆ. ನನ್ನ ಜೊತೆಗಾರ ರೂಬೆನ್‌ಗೆ, ಮೆಕ್ಸಿಕೋದಿಂದ ಬಂದ ನನ್ನದೇ ವಯಸ್ಸಿನ ಕುಶಲ ಕೆಲಸಗಾರನಿಗೆ, ಒಂದೇ ನಿಯಮ ಹೇಳಿಕೊಟ್ಟಿದ್ದೆ: ಮೂರು ಗೆರೆ ಇದ್ದರೆ ಜೋಡಿಸು, ಇಲ್ಲದಿದ್ದರೆ ಮುಟ್ಟಬೇಡ.

ನಿಯಮ ಚೆನ್ನಾಗಿತ್ತು, ನಾನೇ ಅದನ್ನು ಕೆಡಿಸುವವರೆಗೆ.

ಪ್ರಸನ್ನ ಬಂದದ್ದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ. ಮೈಸೂರಿನವನು, ಲಿಟಲ್ ಎಲ್ಮ್‌ನ ಹೊಸ ಬಡಾವಣೆಯಲ್ಲಿ ಮನೆ. ಮೇಲ್ಛಾವಣಿ ಇಲ್ಲದ ಎರಡು ಸೀಟಿನ ಕಿಟ್ ತರಿಸಿದ್ದ. ಅವನಿಗೂ ನನಗೂ ಜಗಳವಾದದ್ದು ಮುಂದಿನ ಸ್ಪಿಂಡಲ್ ಬಗ್ಗೆ. ಸ್ಪಿಂಡಲ್ ಎಂದರೆ ಮುಂದಿನ ಚಕ್ರವನ್ನು ಹೊತ್ತುಕೊಂಡು, ಸ್ಟೀರಿಂಗ್ ತಿರುಗಿಸಿದಂತೆ ತಿರುಗುವ ಕಬ್ಬಿಣದ ಗಟ್ಟಿ ತುಂಡು. ಅದರಿಂದ ಹೊರಟ ಮೊಂಡು ಕೋಲಿನ ಮೇಲೆ ಚಕ್ರ ಕೂರುತ್ತದೆ. ಆ ಕೋಲು ಮುರಿದರೆ ಚಕ್ರ ತನ್ನ ದಾರಿ ಹಿಡಿಯುತ್ತದೆ, ಕಾರು ತನ್ನ ದಾರಿ.

ಅವನು ಅಂಚೆಯಲ್ಲಿ ಬಲಗಡೆಯದೊಂದು ಹೊಸ ಸ್ಪಿಂಡಲ್ ತರಿಸಿಕೊಂಡೇ ಬಂದಿದ್ದ. ನಾನು ಬೇರಿಂಗ್ ಕೂರುವ ಜಾಗವನ್ನು ಮೈಕ್ರೋಮೀಟರಿನಿಂದ ಅಳೆದೆ. ಇರಬೇಕಾದ ಅಳತೆಗಿಂತ ಒಂದು ಕೂದಲಿನಷ್ಟು ಸಣ್ಣದಿತ್ತು.

"ಇದು ಬ್ಯಾಡ್ರಿ. ಬೇರಿಂಗ್ ಅಳ್ಳಾಡತದ," ಎಂದೆ. "ಗುಜರಿಯೊಳಗ ಇದ್ರಕ್ಕಿಂತ ಚಲೋದು ಸಿಗತದ."

"ಅಂಕಲ್, ಗುಜರೀದು ಹದಿನೈದು ವರ್ಷ ಹಳೇದು. ಇದು ಇನ್ನೂ ಪ್ಲಾಸ್ಟಿಕ್ ಕವರಲ್ಲಿದೆ!"

"ಪ್ಲಾಸ್ಟಿಕ್ ಕವರ್ ಚಲೋನ ಅದ, ಅದನ್ನ ಇಟ್ಕೊಳ್ರಿ."

ಅವನು ನಕ್ಕ. ಶೈಲಜಾ ನಗಲಿಲ್ಲ. ಅವಳು ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದಳು, ಅಳೆದು ಮಾತನಾಡುವ ಹೆಣ್ಣುಮಗಳು. "ಹಳೇದು ಹಾಕಿ, ಅಂಕಲ್. ಬಲಗಡೆ ಕೂರೋಳು ನಾನು. ನೋಡಿ ಹಾಕಿ," ಎಂದಳು. ಈ ದೇಶದಲ್ಲಿ ಓಡಿಸುವವನು ಕೂರುವುದು ಎಡಗಡೆ.

ಎರಡು ದಾನಿ ಕಾರುಗಳಿಂದ ಎರಡು ಜೋಡಿ ಸ್ಪಿಂಡಲ್ ತಂದೆ. ಎಡಗಡೆಯ ಎರಡೂ ಗೆದ್ದವು. ಬಲಗಡೆಯದರಲ್ಲಿ ಒಂದು ಗೆದ್ದಿತು. ಇನ್ನೊಂದರ ಕೋಲಿನ ಬುಡದಲ್ಲಿ, ಉಗುರಿನ ಅಗಲದಷ್ಟು, ಒದ್ದೆ ಗೆರೆ ಮೂಡಿತು. ಅದನ್ನು ಆಗಲೇ ಗುಜರಿ ಡ್ರಮ್ಮಿಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ಪ್ರಸನ್ನ ಬಂದಾಗ ತೋರಿಸಿ, ಹಳೆಯದೆಂದರೆ ನಾನು ಕುರುಡಾಗಿ ಮೆಚ್ಚುವವನಲ್ಲ ಎಂದು ಸಾಬೀತು ಮಾಡುವ ಆಸೆ. ಆದ್ದರಿಂದ ಗೆರೆ ಎಳೆಯದೆ ಬೆಂಚಿನ ಮೇಲೆಯೇ ಇಟ್ಟೆ. ಒಣ ಹೆಮ್ಮೆಗಾಗಿ ಇಟ್ಟ ವಸ್ತು ಅದು.

ಎರಡು ದಿನಕ್ಕೆ ಆಯುಧಪೂಜೆ. ಗ್ಯಾರೇಜನ್ನು ತೊಳೆದು, ಲಿಫ್ಟಿಗೆ ಹೂವಿನ ಹಾರ ಹಾಕಿ, ಬಾಗಿಲಿಗೆ ಬೂದುಗುಂಬಳಕಾಯಿ ತಂದಿಟ್ಟಿದ್ದೆವು. ಸುತ್ತಲಿನ ಹತ್ತಾರು ಮನೆಯವರು ತಮ್ಮ ತಮ್ಮ ಕಾರು ತಂದು ಸಾಲಾಗಿ ನಿಲ್ಲಿಸಿದ್ದರು. ಗಂಗಾ ವಿಭೂತಿ ಬಟ್ಟಲು, ಕುಂಕುಮ, ಅರಿಸಿನ ಹಿಡಿದು ಸ್ಪ್ಯಾನರಿನಿಂದ ಸ್ಪ್ಯಾನರಿಗೆ, ಸುತ್ತಿಗೆಯಿಂದ ಸುತ್ತಿಗೆಗೆ ಹೋಗುತ್ತಿದ್ದಳು. ಬೆಂಚಿನ ಹತ್ತಿರ ನಿಂತು ಕೂಗಿದಳು:

"ಏನ್ರೀ, ಇದೊಂದಕ್ಯಾಕ ವಿಭೂತಿ ಇಲ್ಲ? ಇವತ್ತ ಒಂದನ್ನ ಬಿಟ್ಟು ಒಂದಕ್ಕ ಹಚ್ಚಬಾರದರಿ."

ನಾನು ಗಿರಾಕಿಯೊಬ್ಬರ ಕಾರಿನ ನಾಲ್ಕು ಚಕ್ರಗಳಡಿ ನಿಂಬೆಹಣ್ಣು ಇಡುತ್ತಿದ್ದೆ. ತಲೆ ಎತ್ತಲಿಲ್ಲ. "ಹಚ್ಚ, ಎಲ್ಲಾಕ್ಕೂ ಹಚ್ಚ," ಎಂದೆ.

ಅವಳು ಹಚ್ಚಿದಳು. ಕಬ್ಬಿಣವೆಂದ ಮೇಲೆ ಮೇಲು ಕೀಳು ನೋಡದೆ, ಮೂರು ಬೆರಳಿನಿಂದ, ಚೊಕ್ಕವಾಗಿ ಮೂರು ಗೆರೆ. ಸೋತ ಸ್ಪಿಂಡಲ್ ನನ್ನ ಒಂದು ಮಾತಿನಿಂದ ಗೆದ್ದ ಸ್ಪಿಂಡಲ್ಲಾಯಿತು.

ಹಬ್ಬ ಮುಗಿದ ಮೇಲೆ ರೂಬೆನ್ ಬೆಂಚು ತೆರವು ಮಾಡಿದ. ಎಲ್ಲದಕ್ಕೂ ಗೆರೆ ಇದ್ದವು. ಒಂದು ಜೋಡಿಯನ್ನು ಪ್ರಸನ್ನನ ಚೌಕಟ್ಟಿನ ಬಳಿ ಇಟ್ಟ, ಇನ್ನೊಂದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲಿನ ಹಲಗೆಗೆ ಏರಿಸಿದ. ನಾನು ಬಲಗಡೆಯದನ್ನು ಕೈಗೆತ್ತಿಕೊಂಡೆ, ಮೂರು ಗೆರೆ ನೋಡಿದೆ, ಒರೆಸಿ ಜೋಡಿಸಿದೆ. ಸೋತದ್ದು ಎಲ್ಲಿ ಎಂದು ರೂಬೆನ್‌ನನ್ನು ಕೇಳಲಿಲ್ಲ. ಡ್ರಮ್ಮಿಗೆ ಹೋಗಿರಬೇಕೆಂದುಕೊಂಡೆ. ಹಬ್ಬದ ಗಡಿಬಿಡಿ, ಹೆಂಡತಿಯ ಭಕ್ತಿ, ಜೊತೆಗಾರನ ಅವಸರ ಎಂದೆಲ್ಲ ಈ ಘಟನೆಗೆ ಜನ ಕಾರಣ ಹುಡುಕಿದ್ದಾರೆ. ಗಂಗಾ ಕೇಳಿ ಹಚ್ಚಿದಳು. ರೂಬೆನ್ ನಿಯಮ ಪಾಲಿಸಿದ. ನಿಯಮ ಮುರಿದವನು ನಾನೊಬ್ಬನೇ.

ಕಾರು ಮಾರ್ಚ್ ಹೊತ್ತಿಗೆ ಸಿದ್ಧವಾಯಿತು, ಕಡುನೀಲಿ ಬಣ್ಣ. ಪ್ರಸನ್ನ ವಾರಾಂತ್ಯಗಳಲ್ಲಿ ಮನೆಯ ಸುತ್ತಮುತ್ತ ಓಡಿಸುತ್ತಿದ್ದ. ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ನಾನು ಹಲಗೆ ಸ್ವಚ್ಛ ಮಾಡುತ್ತಿದ್ದಾಗ ಪತ್ರಿಕೆಯ ಗಂಟು ಕೈಗೆ ಬಂತು. ಒಳಗೆ ಎರಡು ಸ್ಪಿಂಡಲ್: ಒಂದು ಎಡ, ಒಂದು ಬಲ. ಎರಡಕ್ಕೂ ಮಾಸಿದ ಮೂರು ಗೆರೆ.

ಬಲಗಡೆಯದು ಗೆದ್ದದ್ದು ಒಂದೇ. ಅದು ಕಾರಿನಲ್ಲಿದೆ. ಹಾಗಾದರೆ ಇದು ಯಾವುದು?

ಇದು ಸೋತದ್ದಾಗಿರಲಿ ಎಂದು ಹಾರೈಸಿದೆ. ಬಾಳಿನಲ್ಲಿ ಒಂದು ಭಾಗ ಬಿರುಕು ಬಿಟ್ಟಿರಲಿ ಎಂದು ಹಾರೈಸಿದ್ದು ಅದೊಂದೇ ಸಲ. ತೊಳೆದೆ, ಸೀಮೆಎಣ್ಣೆಯಲ್ಲಿ ಅದ್ದಿದೆ, ಒಂದು ಗಂಟೆಗಿಂತ ಹೆಚ್ಚು ಕಾಯಲಾಗದೆ ತೆಗೆದು ಒರೆಸಿ ಪುಡಿ ಉದುರಿಸಿದೆ. ಪುಡಿ ಬೆಳ್ಳಗೆ, ಒಣಗಿಯೇ ಉಳಿಯಿತು. ಮತ್ತೊಮ್ಮೆ ಮಾಡಿದೆ. ಮತ್ತೂ ಬೆಳ್ಳಗೆ.

ಲಿಟಲ್ ಎಲ್ಮ್ ಮನೆಗೆ ಫೋನ್ ಮಾಡಿದರೆ ಸಂದೇಶ ಹಿಡಿದಿಡುವ ಯಂತ್ರ ಮಾತನಾಡಿತು. ಪ್ರಸನ್ನನ ಸೆಲ್ ಫೋನ್ ಹೊಡೆದುಕೊಂಡು ಸುಮ್ಮನಾಯಿತು. ಮೇಲ್ಛಾವಣಿ ಇಲ್ಲದ ಕಾರಿನ ಗಾಳಿಯಲ್ಲಿ ಯಾರಿಗೆ ಕೇಳಿಸೀತು? ನಮ್ಮ ಮನೆಗೆ ಫೋನ್ ಮಾಡಿ ಗಂಗಾಳನ್ನು ಕೇಳಿದೆ.

"ಮನ್ಯಾಗ ಅವರೆಲ್ಲಿ ಇರ್ತಾರ?" ಎಂದಳು ಗಂಗಾ. "ಇವತ್ತ ಅವರಣ್ಣನ ಮನಿ ಗೃಹಪ್ರವೇಶ ಅಲ್ರೀ, ಜಾರ್ಜ್‌ಟೌನ್‌ದಾಗ. ನಮಗೂ ಕರದಿದ್ರು. ನೀವ ಒಲ್ಲೆ ಅಂದ್ರಿ."

ಜಾರ್ಜ್‌ಟೌನ್ ಆಸ್ಟಿನ್ನಿನ ಉತ್ತರಕ್ಕೆ, ನಮ್ಮಿಂದ ಮೂರು ಗಂಟೆಯ ಹೆದ್ದಾರಿ. ಆಮಂತ್ರಣದಲ್ಲಿದ್ದ ನಂಬರನ್ನು ಅವಳು ಓದಿ ಹೇಳಿದಳು. ಆ ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡವನು ಪ್ರಸನ್ನನ ಅಣ್ಣ. ಹಿಂದೆ ಮಂತ್ರ ಕೇಳಿಸುತ್ತಿತ್ತು. ಅವರು ಇನ್ನೂ ಬಂದಿಲ್ಲ, ದಾರಿಯಲ್ಲಿರಬೇಕು ಎಂದ. ಬಂದ ಕೂಡಲೇ ಕಾರನ್ನು ಮುಟ್ಟಬಾರದೆಂದು ಹೇಳಿ ಎಂದು ಹೇಳಿಟ್ಟೆ. ಗದ್ದಲದಲ್ಲಿ ಎಷ್ಟು ಕೇಳಿಸಿತೋ ತಿಳಿಯದು.

ಹಲಗೆಯ ಮೇಲಿದ್ದ ಗೆದ್ದ ಸ್ಪಿಂಡಲ್, ಪ್ರಸನ್ನ ಬಿಟ್ಟುಹೋಗಿದ್ದ ಹೊಸ ಸ್ಪಿಂಡಲ್, ಜ್ಯಾಕು, ಸ್ಟ್ಯಾಂಡುಗಳು, ಮೈಕ್ರೋಮೀಟರು, ಗ್ರೀಸು, ಸೀಮೆಎಣ್ಣೆ, ವಿಭೂತಿ ಪುಡಿ ಎಲ್ಲವನ್ನೂ ವ್ಯಾನಿಗೆ ಹಾಕಿಕೊಂಡು ದಕ್ಷಿಣಕ್ಕೆ ಹೊರಟೆ. ರಸ್ತೆಯ ಬದಿಗಳನ್ನು ನೋಡುತ್ತ ಹೋದೆ. ಯಾವ ನೀಲಿ ಬಣ್ಣ ಕಂಡರೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹೆದ್ದಾರಿಯ ಬದಿಯಲ್ಲೆಲ್ಲ ಬ್ಲೂಬಾನೆಟ್ ಎಂಬ ನೀಲಿ ಹೂ ಅರಳುವ ಕಾಲ. ಆ ವರ್ಷ ಅವು ನನ್ನ ಕಣ್ಣಿಗೆ ಬೇಡವಾಗಿದ್ದವು. ವೇಕೋ ದಾಟಿ ಪೆಟ್ರೋಲ್ ಬಂಕಿನಲ್ಲಿ ನಿಂತು ಮತ್ತೆ ಫೋನ್ ಮಾಡಿದೆ.

"ಬಂದ್ರು ಅಂಕಲ್, ಆಗ್ಲೇ ಬಂದ್ರು," ಎಂದ ಅಣ್ಣ ಹುರುಪಿನಿಂದ. "ಸೂಪರ್ ಕಾರು! ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸ್ಕೊಂಡು ರೌಂಡ್ ಹೊಡಿಸ್ತಿದಾನೆ."

"ನಿಲ್ಲಸ್ರಿ ಅದನ್ನ."

"ಏನಂದ್ರಿ?"

"ಫೋನ್ ಕೆಳಗಿಟ್ಟು ಓಡಿ ಹೋಗ್ರಿ. ಕೀ ಕಸಗೊಂಡು ನಿಮ್ಮ ಕಿಸೆದಾಗ ಇಟ್ಕೊಳ್ರಿ. ಚಕ್ರ ಮುರೀತದ. ತಪ್ಪು ನಂದು. ನಾನು ಬರಾಕತ್ತೇನಿ."

ಫೋನು ಎಲ್ಲೋ ಬಡಿದ ಸದ್ದು ಕೇಳಿತು. ಓಡುವ ಹೆಜ್ಜೆಯ ಸದ್ದೂ ಕೇಳಿತು. ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೇ ನಿಂತೆ. ಎಷ್ಟೋ ಹೊತ್ತಿನ ಮೇಲೆ ಉಸಿರು ಬಿಡುತ್ತ ಅವನ ದನಿ ಬಂತು: "ಸಿಕ್ತು ಅಂಕಲ್. ಕೀ ನನ್ನ ಹತ್ರ ಇದೆ."

ಜಾರ್ಜ್‌ಟೌನ್ ತಲುಪಿದಾಗ ಊಟದ ಎರಡನೆಯ ಪಂಕ್ತಿ ನಡೆದಿತ್ತು. ಹೊಸ ಮನೆಯ ಮುಂದೆ ನೀಲಿ ಕಾರು, ಅದರ ಮೂತಿಗೆ ಹೂವಿನ ಹಾರ. ಪ್ರಸನ್ನ ಪಂಚೆ ಶಲ್ಯದಲ್ಲಿ, ಗ್ಯಾರೇಜಿನ ಮುಂದಿನ ಇಳಿಜಾರಿನ ಮೇಲೆ ನಿಂತಿದ್ದ, ಶೈಲಜಾ ಪಕ್ಕದಲ್ಲಿ.

"ಏನಾಯ್ತು ಅಂಕಲ್?"

ದಾರಿಯುದ್ದಕ್ಕೂ ನಾನು ವಾಕ್ಯಗಳನ್ನು ಜೋಡಿಸಿದ್ದೆ. ಅವೊಂದೂ ಬರಲಿಲ್ಲ. "ಬಲಗಡೆ ಸ್ಪಿಂಡಲ್ ಬಿರಕು ಬಿಟ್ಟದ. ಅದು ನನಗ ಗೊತ್ತಿತ್ತು, ಗೊತ್ತಿದ್ದೂ ತಪ್ಪಿ ಅದನ್ನ ಹಾಕೇನಿ. ಮದಲ ಬಿಚ್ಚಿ ತೋರಸ್ತೇನಿ, ಆಮ್ಯಾಲ ಬೈರಿ," ಎಂದೆ.

ರೇಷ್ಮೆ ಸೀರೆಗಳೂ ಜರಿ ಪಂಚೆಗಳೂ ಸುತ್ತ ನೆರೆದಿದ್ದವು. ನಾನು ಕಾರನ್ನೆತ್ತಿ, ಚಕ್ರ, ಬ್ರೇಕು, ಹಬ್ಬು ಕಳಚಿ ಸ್ಪಿಂಡಲ್ಲನ್ನು ಹೊರತೆಗೆದೆ. ತೊಳೆದು ಸೀಮೆಎಣ್ಣೆಯಲ್ಲಿ ಮುಳುಗಿಸಿದೆ. ಯಾರೋ ಎಲೆ ಹಾಕಿದ್ದೇವೆ ಬನ್ನಿ ಎಂದರು, ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ತೆಗೆದು ಒರೆಸಿ ಪುಡಿ ಉದುರಿಸಿದೆ.

ಈ ಸಲ ಕಾಯಬೇಕಾಗಲಿಲ್ಲ. ಅಕ್ಟೋಬರಿನಲ್ಲಿ ಉಗುರಿನ ಅಗಲವಿದ್ದ ಗೆರೆ ಕೋಲಿನ ಬುಡವನ್ನು ಅರ್ಧ ಸುತ್ತು ಬಳಸಿತ್ತು. ಉಳಿದ ಅರ್ಧದ ಮೇಲೆ ಅವರಿಬ್ಬರೂ ಮೂರು ಗಂಟೆ ಹೆದ್ದಾರಿಯಲ್ಲಿ ಬಂದಿದ್ದರು, ಅದರ ಮೇಲೆಯೇ ಮಕ್ಕಳು ಸುತ್ತಾಡಿದ್ದರು.

ಹಿಂದಿನಿಂದ ಹಿರಿಯರೊಬ್ಬರು, "ವಿಭೂತಿ ಮಹಿಮೆ ನೋಡಿ! ದೇವರೇ ತೋರಿಸ್ದ," ಎಂದು ಕೈ ಮುಗಿದರು. ಜನ ಹೇಳುವ ಕಥೆ ಹುಟ್ಟಿದ್ದು ಅಲ್ಲೇ, ಆ ನಿಮಿಷದಲ್ಲಿ, ನನ್ನ ಕಿವಿಯ ಹಿಂದೆ.

"ಇಲ್ರಿ," ಎಂದೆ. "ತೋರಿಸಿದ್ದು ಸೀಮೆಎಣ್ಣಿ. ಮುಚ್ಚಿದ್ದು ವಿಭೂತಿ. ಅದನ್ನ ಹಚ್ಚಂತ ಅಂದಾಂವ ನಾನು."

ಅವರು ಇನ್ನಷ್ಟು ಭಕ್ತಿಯಿಂದ ನನ್ನನ್ನು ನೋಡಿದರು.

ಶೈಲಜಾ ಬಗ್ಗಿ ಗೆರೆಯನ್ನು ಬಹಳ ಹೊತ್ತು ನೋಡಿದಳು. "ಇದು ನಮ್ಮ ಕಾರಲ್ಲಿದೆ ಅಂತ ಯಾವತ್ತು ಗೊತ್ತಾಯ್ತು ನಿಮಗೆ?" ಎಂದು ಕೇಳಿದಳು.

"ಇವತ್ತ ಮುಂಜಾನೆ, ತಂಗಿ. ಗೊತ್ತಾಗಬೇಕಿದ್ದದ್ದು ಅಕ್ಟೋಬರದಾಗ."

ಅವಳು ತಲೆಯಾಡಿಸಿ ಒಳಗೆ ಹೋದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಕಿರಿಯರು ಇದಕ್ಕಾಗಿಯೇ ಓದುತ್ತಿರಬಹುದು. ಆ ವಾರದಿಂದ ನನ್ನ ಗ್ಯಾರೇಜಿನಲ್ಲಿ ಸೋತ ಭಾಗವನ್ನು ಕೈಯಿಂದ ಕೆಳಗಿಡುವ ಮುನ್ನ ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡುತ್ತಿದ್ದೆವು. ಗೆದ್ದದ್ದಕ್ಕೆ ಗುರುತು ಹಾಕುವುದು ಸಾಲದು. ಸೋತದ್ದು ಗೆದ್ದಂತೆ ನಟಿಸಲಾಗದ ಹಾಗೆ ಮಾಡಬೇಕು. ಗುರುತಿಗೂ ಹಸಿರು ಬಣ್ಣ ತಂದೆ. ಪೂಜೆಯಲ್ಲಿ ಕಬ್ಬಿಣಕ್ಕಾಗಲಿ ಹಣೆಗಾಗಲಿ ಯಾರೂ ಹಚ್ಚದ ಬಣ್ಣ ಅದು. ಜೋಡಿಸುವ ಮುನ್ನ, ಯಾರೇ ಪರೀಕ್ಷಿಸಿರಲಿ, ಜೋಡಿಸುವವನು ಇನ್ನೊಮ್ಮೆ ಪರೀಕ್ಷಿಸುತ್ತಿದ್ದ. ರೂಬೆನ್ ಇದನ್ನು ನನ್ನ ಮೇಲೂ ಕಟ್ಟುನಿಟ್ಟಾಗಿ ಜಾರಿ ಮಾಡಿದ.

ಅಂದು ಜಾರ್ಜ್‌ಟೌನಿನಲ್ಲಿ ಎಡಗಡೆಯದನ್ನೂ ಬಿಚ್ಚಿ ನೋಡಿದೆ, ನಿರ್ಮಲವಾಗಿತ್ತು. ಇನ್ನು ಬಲಕ್ಕೆ ಯಾವುದು? ಹೊಸದನ್ನೂ ಹಳೆಯದನ್ನೂ ಒಂದು ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟೆ. ಎರಡನ್ನೂ ಅವರ ಎದುರಿಗೇ ಪರೀಕ್ಷಿಸಿದೆ, ಎರಡರಲ್ಲೂ ಬಿರುಕಿರಲಿಲ್ಲ. ಮೈಕ್ರೋಮೀಟರನ್ನು ಪ್ರಸನ್ನನ ಕೈಗೆ ಕೊಟ್ಟೆ.

"ಹೋದ ಸಲ ನಾನು ಅಳದೆ, ನೀವು ನಂಬಿದ್ರಿ. ಇವತ್ತ ನನ್ನ ನಂಬಬ್ಯಾಡ್ರಿ. ನೀವ ಅಳೀರಿ."

ಅವನು ಪಂಚೆ ಮೇಲೆತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತ. ಹೊಸದನ್ನು ಮೂರು ಕಡೆ ಅಳೆದ, ಹಳೆಯದನ್ನು ಮೂರು ಕಡೆ ಅಳೆದ. ಬೇರಿಂಗನ್ನು ಎರಡರ ಮೇಲೂ ಕೂರಿಸಿ ಅಲ್ಲಾಡಿಸಿದ. ಹೊಸದರ ಮೇಲೆ ಅದು ಕಟಕಟ ಎಂದಿತು.

"ಥೂ," ಎಂದ. "ನನ್ನ ದುಡ್ಡಿಗೆ ಬಂದಿದ್ದು ಪ್ಲಾಸ್ಟಿಕ್ ಕವರೇ ಅಂಕಲ್." ಆ ಮಧ್ಯಾಹ್ನ ಮೊದಲ ಸಲ ಯಾರೋ ನಕ್ಕರು. ಅವನು ನಗಲಿಲ್ಲ. "ಹಳೇದೇ ಹಾಕಿ. ಆದ್ರೆ ಒಂದು ಮಾತು. ಮನೆವರೆಗೂ ನೀವು ನನ್ನ ಪಕ್ಕ ಕೂತು ಬರ್ಬೇಕು. ನಿಮ್ಮ ವ್ಯಾನು ಶೈಲಜಾ ಓಡಿಸ್ತಾಳೆ."

ಇದು ನ್ಯಾಯವಾದ ಷರತ್ತು. ನಾನು ಹೂಂಗುಟ್ಟಿದೆ.

ಬೇರಿಂಗಿಗೆ ಗ್ರೀಸು ತುಂಬಿ, ಎಲ್ಲವನ್ನೂ ಕೂಡಿಸಿ, ದಾರ ಕಟ್ಟಿ ಚಕ್ರಗಳ ನೇರ ನೋಡಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಕೈ ತೊಳೆದು, ಪ್ರಸನ್ನನ ಅಣ್ಣ ಒತ್ತಾಯಿಸಿ ಕೊಟ್ಟ ಪುಳಿಯೋಗರೆಯನ್ನು ನಿಂತುಕೊಂಡೇ ತಿಂದು, ಬಲಗಡೆಯ ಸೀಟಿನಲ್ಲಿ ಕೂತೆ. ನಾನು ಇಂಥ ಕಾರುಗಳನ್ನು ಹತ್ತಾರು ಕಟ್ಟಿದ್ದೆ. ಬೀದಿಯ ತುದಿಯವರೆಗೆ ಓಡಿಸಿ ನೋಡಿದ್ದುಂಟು, ಗಿರಾಕಿಯ ಪಕ್ಕದಲ್ಲಿ ಹೆದ್ದಾರಿಯ ಮೇಲೆ ಕೂತಿದ್ದಿಲ್ಲ. ರಸ್ತೆ ಅಷ್ಟು ಹತ್ತಿರ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಓಡುತ್ತದೆಂದು ಗೊತ್ತಿರಲಿಲ್ಲ. ಮುಂದಿನ ಚಕ್ರ ನನ್ನ ಬಲ ಮೊಣಕಾಲಿನಿಂದ ಎರಡು ಮೊಳ ದೂರದಲ್ಲಿ ತಿರುಗುತ್ತಿತ್ತು. ಬೇರೆ ಯಾವ ಸದ್ದೂ ನನಗೆ ಕೇಳಲಿಲ್ಲ. ಪ್ರಸನ್ನ ಮೊದಲು ಗಂಟೆಗೆ ಐವತ್ತು ಮೈಲಿಯಲ್ಲಿ, ಆಮೇಲೆ ಅರವತ್ತರಲ್ಲಿ ಓಡಿಸಿದ. ಕನ್ನಡಿಯಲ್ಲಿ ನನ್ನ ವ್ಯಾನು ಅದೇ ದೂರದಲ್ಲಿ ಹಿಂಬಾಲಿಸುತ್ತಿತ್ತು.

ಹಿಲ್ಸ್‌ಬರೋದಲ್ಲಿ ಪೆಟ್ರೋಲಿಗೆ ನಿಂತೆವು. ಶೈಲಜಾ ವ್ಯಾನಿನಿಂದಿಳಿದು ನೇರ ನನ್ನ ಕಡೆಗೆ ಬಂದಳು. ಗೃಹಪ್ರವೇಶದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲ ಚಕ್ರದ ಮುಂದೆ ಮಂಡಿಯೂರಿ ಕೂತಳು.

"ಸರಿಯಾಗಿದೆ ಅಂತ ನೋಡೋದು ಹೇಗೆ?"

"ಹಬ್ಬಿನ ಮ್ಯಾಲ ಅಂಗೈ ಇಡ್ರಿ. ಒಳಗ ಬೇರಿಂಗ್ ಕೆಟ್ಟಿದ್ರ ಸುಡತದ."

ಅವಳು ಅಂಗೈ ಇಟ್ಟಳು. ಎದ್ದು ಎಡಗಡೆಗೆ ಹೋಗಿ ಅಲ್ಲಿಯೂ ಇಟ್ಟು ನೋಡಿದಳು. ಮರಳಿ ಬಂದು ಇಲ್ಲಿ ಇನ್ನೊಮ್ಮೆ ಇಟ್ಟಳು.

"ಎರಡೂ ಒಂದೇ ಥರ ಬೆಚ್ಚಗಿದೆ. ಸುಡ್ತಿಲ್ಲ."

"ಅಷ್ಟ ಇರಬೇಕು."

ಅವಳು ಕೈಗೆ ಹತ್ತಿದ ಕರಿಯನ್ನು ಪೇಪರಿನಲ್ಲಿ ಒರೆಸಿಕೊಂಡು, ವ್ಯಾನಿನ ಕೀಯನ್ನು ನನ್ನ ಮುಂದೆ ಹಿಡಿದಳು.

"ಹಾಗಾದ್ರೆ ಇಳೀರಿ ಅಂಕಲ್," ಎಂದಳು. "ಅದು ನನ್ನ ಸೀಟು."